ಮನೆಗೆ ಎಚ್‌ಡಿ ಟೇಪ್ ರೆಕಾರ್ಡರ್: ಯಾವುದನ್ನು ನಂಬಬಹುದು, ಯಾವುದನ್ನು ಬಿಡಬೇಕು

ಎಚ್‌ಡಿ ಟೇಪ್ ರೆಕಾರ್ಡರ್ ಹೊಸ ಡಬ್ಬದಲ್ಲಿ ಸಿಗುವ ಕಾಲ ಮುಗಿದು ವರ್ಷಗಳಾದವು. ಈಗ ಕೈಗೆ ಬರುವುದೆಲ್ಲ ಯಾರೋ ಬಳಸಿಬಿಟ್ಟದ್ದೇ. ಆದರೂ ಅದು ಬೇಕೇ ಬೇಕಾದವರು ಇದ್ದಾರೆ. ಮಗುವಿನ ಮೊದಲ ಹೆಜ್ಜೆ, ಮನೆಯ ಮದುವೆ, ಈಗ ಇಲ್ಲದವರ ದನಿ, ಎಲ್ಲವೂ ಕಪಾಟಿನ ಕ್ಯಾಸೆಟ್‌ಗಳಲ್ಲಿ ಕೂತಿವೆ. ಅವನ್ನು ಓಡಿಸುತ್ತಿದ್ದ ಮೆಷಿನ್ ಮಾತ್ರ ಕೆಟ್ಟಿದೆ. ಈ ವಿಮರ್ಶೆ ಮುಖ್ಯವಾಗಿ ಅಂಥವರಿಗೆ.

ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ಚಿತ್ರ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಎಂದು. ಎಚ್‌ಡಿವಿ (ಡಿವಿ ಕ್ಯಾಸೆಟ್‌ಗೆ ಎಚ್‌ಡಿ ಬರೆಯುವ ಪದ್ಧತಿ), ಡಿ-ವಿಎಚ್‌ಎಸ್ (ವಿಎಚ್‌ಎಸ್ ಗಾತ್ರದ ಕ್ಯಾಸೆಟ್‌ಗೆ ಬರೆಯುವುದು) ಎರಡೂ ಡಿಜಿಟಲ್. ಟೇಪಿನ ಮೇಲಿರುವುದು ಎಂಪೆಗ್-2 ಎಂಬ ರೀತಿಯಲ್ಲಿ ಕುಗ್ಗಿಸಿದ ಚಿತ್ರದ ದತ್ತಾಂಶ. ಅದನ್ನು ಸರಿಯಾಗಿ ಓದಿ ಫೈರ್‌ವೈರ್ (ದತ್ತಾಂಶವನ್ನು ಹಾಗೇ ಸಾಗಿಸುವ ಡಿಜಿಟಲ್ ಕೇಬಲ್) ಮೂಲಕ ಹೊರಗೆ ಕೊಟ್ಟರೆ ದುಬಾರಿ ಡೆಕ್ (ಕ್ಯಾಮೆರಾ ಇಲ್ಲದ ರೆಕಾರ್ಡರ್) ಕೊಡುವುದೂ ಸಣ್ಣ ಕ್ಯಾಮ್‌ಕಾರ್ಡರ್ ಕೊಡುವುದೂ ಒಂದೇ ಫೈಲು. ವ್ಯತ್ಯಾಸವಿರುವುದು ಓದುವುದರಲ್ಲಿ: ಟೇಪನ್ನು ಎಳೆಯುವ ರಬ್ಬರ್ ಉರುಳೆ, ದಾರಿ ತೋರಿಸುವ ಕಂಬಗಳು, ತಿರುಗುವ ಡ್ರಮ್, ಅದರ ಅಂಚಿನಲ್ಲಿ ಟೇಪನ್ನು ಓದುವ ಹೆಡ್. ಹಾಗಾಗಿ ಮಾಡೆಲ್ ಹೆಸರಿಗಿಂತ ನಿಮ್ಮ ಮುಂದಿರುವ ಆ ಒಂದು ಮೆಷಿನ್‌ನ ಯಂತ್ರಭಾಗ ಹೇಗಿದೆ ಎಂಬುದೇ ದೊಡ್ಡದು.

ಮೊದಲು ಟೇಪು ಯಾವುದೆಂದು ನೋಡಿ

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರುವ ಮಿನಿಡಿವಿ ಕ್ಯಾಸೆಟ್ ಆದರೆ ಒಳಗೆ ಎಚ್‌ಡಿವಿ ಇರಬಹುದು, ಎಚ್‌ಡಿ ಅಲ್ಲದ ಹಳೆಯ ಡಿವಿ ಕೂಡ ಇರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಎಚ್‌ಡಿವಿಯನ್ನು ಕೆನಾನ್, ಜೆವಿಸಿ, ಶಾರ್ಪ್, ಸೋನಿ ಸೇರಿ 2003ರಲ್ಲಿ ಪ್ರಕಟಿಸಿದವು. ಸೋನಿ, ಕೆನಾನ್‌ಗಳದ್ದು 1080ಐ: 1440×1080 ಚುಕ್ಕೆ, ಸೆಕೆಂಡಿಗೆ 25 ಮೆಗಾಬಿಟ್. ಜೆವಿಸಿ ಹಿಡಿದದ್ದು 720ಪಿ, ಸುಮಾರು 19 ಮೆಗಾಬಿಟ್. ಜೆವಿಸಿಯ 720ಪಿ ಟೇಪು ಬೇರೆ ಕಂಪನಿಯ 1080ಐ ಕ್ಯಾಮ್‌ಕಾರ್ಡರ್‌ನಲ್ಲಿ ಓಡುತ್ತದೆಂದು ನಂಬಿ ದುಡ್ಡು ಕೊಡಬೇಡಿ. ಅದಕ್ಕೆ ಜೆವಿಸಿಯದೇ ಕ್ಯಾಮೆರಾ ಅಥವಾ ಬಿಆರ್-ಎಚ್‌ಡಿ50ಯಂಥ ಡೆಕ್ ಹುಡುಕಿ. ಕೆನಾನ್ ಎಕ್ಸ್‌ಎಲ್ ಎಚ್1, ಎಕ್ಸ್‌ಎಚ್ ಎ1 ಕ್ಯಾಮೆರಾಗಳಲ್ಲಿ 24ಎಫ್ (ಸೆಕೆಂಡಿಗೆ 24 ಚಿತ್ರ) ಮೋಡ್‌ನಲ್ಲಿ ತೆಗೆದ ಟೇಪಿಗೂ ಇದೇ ಕಟ್ಟು. ಅದು ಕೆನಾನ್ ಮೆಷಿನ್‌ನಲ್ಲೇ ಓಡಬೇಕು.

ವಿಎಚ್‌ಎಸ್ ಗಾತ್ರದ ಕ್ಯಾಸೆಟ್ ಮೇಲೆ ಡಿ-ವಿಎಚ್‌ಎಸ್ ಎಂದಿದ್ದರೆ ದಾರಿ ಬೇರೆ. ಎಚ್‌ಎಸ್ ವೇಗದಲ್ಲಿ ಅದು ಸೆಕೆಂಡಿಗೆ 28.2 ಮೆಗಾಬಿಟ್ ಬರೆಯುತ್ತದೆ, ಎಸ್‌ಟಿಡಿ ವೇಗದಲ್ಲಿ 14.1. ಕ್ಯಾಸೆಟ್ ಹೆಸರಿನ ಅಂಕಿ ಎಸ್‌ಟಿಡಿ ವೇಗದ ನಿಮಿಷಗಳನ್ನು ಹೇಳುತ್ತದೆ. ಡಿಎಫ್-480 ಎಂದರೆ ಎಸ್‌ಟಿಡಿಯಲ್ಲಿ 8 ಗಂಟೆ, ಎಚ್‌ಡಿ ಬರೆಯುವ ಎಚ್‌ಎಸ್‌ನಲ್ಲಿ 4 ಗಂಟೆ. ಡಿಎಫ್-300ರಲ್ಲಿ ಎಚ್‌ಡಿ ಹಿಡಿಸುವುದು ಎರಡೂವರೆ ಗಂಟೆ ಅಷ್ಟೆ.

ಮೂರನೆಯದು ಡಬ್ಲ್ಯು-ವಿಎಚ್‌ಎಸ್, ಜೆವಿಸಿ 1990ರ ದಶಕದಲ್ಲಿ ತಂದ ಅನಲಾಗ್ ಎಚ್‌ಡಿ. ಅನಲಾಗ್ ಕಾಂಪೊನೆಂಟ್ ಎಚ್‌ಡಿ ಸಿಗ್ನಲನ್ನು ನೇರವಾಗಿ ಟೇಪಿಗೆ ಬರೆಯಬಲ್ಲದು ಎಂಬುದು ಅದರ ದೊಡ್ಡತನ. ಆದರೆ ಆ ಕಾಲದ ಸರ್ಕ್ಯೂಟ್‌ಗಳಲ್ಲಿನ ಕೆಪಾಸಿಟರ್‌ಗಳು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುವ ವಯಸ್ಸಿಗೆ ಬಂದಿವೆ, ಬಿಡಿಭಾಗ ಸಿಗುವುದಿಲ್ಲ. ಡಬ್ಲ್ಯು-ವಿಎಚ್‌ಎಸ್ ಟೇಪು ಕೈಯಲ್ಲಿಲ್ಲದವರು ಆ ಕಡೆ ಹೋಗುವುದು ಬೇಡ.

ಎಚ್‌ಡಿವಿಗೆ ನಮ್ಮ ಆಯ್ಕೆ

ಇಪ್ಪತ್ತು-ಮೂವತ್ತು ಕ್ಯಾಸೆಟ್ ಇರುವ ಮನೆಗೆ ಡೆಕ್ ಬೇಕಿಲ್ಲ. ಎಚ್‌ಡಿವಿಯ ಕೊನೆಯ ಕಾಲದ ಕ್ಯಾಮ್‌ಕಾರ್ಡರ್ ಸಾಕು: ಕೆನಾನ್ ಎಚ್‌ವಿ20 (2007), ಎಚ್‌ವಿ30 (2008), ಎಚ್‌ವಿ40 (2009), ಇಲ್ಲವೇ ಸೋನಿ ಎಚ್‌ಡಿಆರ್-ಎಚ್‌ಸಿ7, ಎಚ್‌ಸಿ9. ಇವಕ್ಕೆ ಫೈರ್‌ವೈರ್ ಜೊತೆಗೆ ಎಚ್‌ಡಿಎಂಐ ಹೊರದಾರಿಯೂ ಇದೆ, ಅದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ. 2005ರ ಎಚ್‌ಡಿಆರ್-ಎಚ್‌ಸಿ1 ಗಟ್ಟಿ ಮೆಷಿನ್. ಆದರೆ ಎಚ್‌ಡಿಎಂಐ ಇಲ್ಲ, ವಯಸ್ಸೂ ಹೆಚ್ಚು. ಲೆನ್ಸ್‌ನಲ್ಲಿ ಗೀರು ಬಿದ್ದ, ಬ್ಯಾಟರಿ ಸತ್ತ ಕ್ಯಾಮ್‌ಕಾರ್ಡರ್ ಕಂಡರೆ ಮುಖ ತಿರುಗಿಸಬೇಡಿ. ನಿಮಗೆ ಬೇಕಾದದ್ದು ಟೇಪ್ ಓಡಿಸುವ ಭಾಗ ಮಾತ್ರ. ಚಾರ್ಜರ್ ಮಾತ್ರ ಅದರದ್ದೇ ಇರಬೇಕು, ಬ್ಯಾಟರಿ ಮೇಲೆ ಒಂದು ಗಂಟೆಯ ಟೇಪನ್ನು ಓಡಿಸಲು ಹೋಗಬಾರದು. ನಡುವೆ ಕರೆಂಟ್ ಹೋದರೆ ಟೇಪು ಡ್ರಮ್‌ಗೆ ಸುತ್ತಿಕೊಂಡೇ ನಿಲ್ಲುತ್ತದೆ.

ನೂರಾರು ಕ್ಯಾಸೆಟ್ ಇದ್ದರೆ ಅಥವಾ ದೊಡ್ಡ ಗಾತ್ರದ ಡಿವಿ ಕ್ಯಾಸೆಟ್ ಇದ್ದರೆ ಲೆಕ್ಕ ಬದಲಾಗುತ್ತದೆ. ಸೋನಿ ಎಚ್‌ವಿಆರ್-ಎಂ15, ಎಂ25 ಡೆಕ್‌ಗಳು ಎರಡೂ ಗಾತ್ರ ನುಂಗುತ್ತವೆ, 50 ಮತ್ತು 60 ಎರಡೂ ಫೀಲ್ಡ್ ಪದ್ಧತಿ (ಸೆಕೆಂಡಿಗೆ 50 ಅಥವಾ 60 ಅರ್ಧಚಿತ್ರ) ಓದುತ್ತವೆ. ಮೆನುವಿನಲ್ಲಿ ಗಂಟೆಗಳ ಮೀಟರ್ ಇರುವುದು ಇವುಗಳ ದೊಡ್ಡ ಅನುಕೂಲ: ಡ್ರಮ್ ಎಷ್ಟು ಗಂಟೆ ತಿರುಗಿದೆ, ಟೇಪು ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಟೇಪನ್ನು ಒಳಗೆ ಸುತ್ತಿಕೊಂಡಿದೆ, ಎಲ್ಲ ಅಂಕಿಯಲ್ಲಿ ಕಾಣುತ್ತದೆ. ಮಾರುವವರ ಬಳಿ ಆ ಪರದೆಯ ಫೋಟೋ ಕೇಳಿ. ಡ್ರಮ್ 1000 ಗಂಟೆ ದಾಟಿದ್ದರೆ ಚೌಕಾಸಿ ಮಾಡಲು ಅಷ್ಟೇ ಕಾರಣ ಸಾಕು. 2000 ದಾಟಿದ್ದರೆ, ಹೆಡ್ ಬದಲಾಯಿಸಿದ ದಾಖಲೆ ಇಲ್ಲದ ಹೊರತು ಬಿಡಿ. ಪರದೆ ಸಮೇತ ಬರುವ ಸೋನಿ ಜಿವಿ-ಎಚ್‌ಡಿ700 ನೋಡಲು ಚೆಂದ, ಕೈಯಲ್ಲಿ ಹಿಡಿದು ಕ್ಯಾಸೆಟ್ ಪರಿಶೀಲಿಸಲು ಸಲೀಸು. ಮಿನಿ ಕ್ಯಾಸೆಟ್ ಮಾತ್ರ ಹಿಡಿಯುತ್ತದೆ.

50 ಮತ್ತು 60ರ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಮನೆಬಳಕೆಯ ಸೋನಿ ಕ್ಯಾಮ್‌ಕಾರ್ಡರ್‌ನ ಹೆಸರಿನ ಕೊನೆಗೆ ‘ಇ’ ಇದ್ದರೆ ಅದು 50ರದ್ದು. 60ರಲ್ಲಿ ತೆಗೆದ ಟೇಪು ಅದರಲ್ಲಿ ಸರಿಯಾಗಿ ಓಡುವುದಿಲ್ಲ, 50ರ ಟೇಪು 60ರ ಮೆಷಿನ್‌ನಲ್ಲಿ ಓಡುವುದಿಲ್ಲ. ಟೇಪು ತೆಗೆದ ಕ್ಯಾಮೆರಾ ಯಾವ ಪದ್ಧತಿಯದೋ ಮೆಷಿನ್ ಕೂಡ ಅದೇ ಆಗಿರಬೇಕು. ಜೊತೆಗೆ 50ರ ಕೆಲವು ಮಾಡೆಲ್‌ಗಳಲ್ಲಿ ಫೈರ್‌ವೈರ್ ಹೊರಗೆ ಮಾತ್ರ ಕೊಡುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ. ಟೇಪಿಗೆ ಮರಳಿ ಬರೆಯುವ ಯೋಚನೆ ಇದ್ದವರು ಇದನ್ನು ಖಚಿತಪಡಿಸಿಕೊಳ್ಳಿ.

ಡಿ-ವಿಎಚ್‌ಎಸ್: ಡಿಕೋಡರ್ ಇದೆಯೇ?

ಇಲ್ಲಿ ಎಡವುವವರು ಬಹಳ. ಮಿತ್ಸುಬಿಷಿ ಎಚ್‌ಎಸ್-ಎಚ್‌ಡಿ1100ಯು, ಎಚ್‌ಡಿ2000ಯು ಮತ್ತು ಪ್ಯಾನಸಾನಿಕ್ ಪಿವಿ-ಎಚ್‌ಡಿ1000, ಇವುಗಳ ಒಳಗೆ ಎಚ್‌ಡಿ ಡಿಕೋಡರ್ ಇಲ್ಲ. ಟೇಪಿನಿಂದ ಓದಿದ್ದನ್ನು ಫೈರ್‌ವೈರ್‌ಗೆ ತಳ್ಳುತ್ತವೆ ಅಷ್ಟೆ. ಆ ದತ್ತಾಂಶವನ್ನು ಚಿತ್ರವಾಗಿ ಬಿಡಿಸುವ ಕೆಲಸ ಟಿವಿಯದ್ದೋ ಸೆಟ್‌ಟಾಪ್ ಪೆಟ್ಟಿಗೆಯದ್ದೋ ಆಗಿತ್ತು. ಇಂದಿನ ಟಿವಿಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. ಹಾಗಾಗಿ ಅಂಥ ಡೆಕ್ ತಂದು ಟಿವಿಗೆ ಜೋಡಿಸಿದರೆ ಎಚ್‌ಡಿ ಟೇಪಿನ ಚಿತ್ರ ಬರುವುದಿಲ್ಲ, ಡೆಕ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಂಪ್ಯೂಟರಿಗೆ ಇಳಿಸಿಕೊಳ್ಳುವುದಷ್ಟೇ ನಿಮ್ಮ ಕೆಲಸವಾದರೆ ಇವು ಸರಿಯೇ.

ಟಿವಿಯಲ್ಲಿ ನೋಡಲೂ ಬೇಕೆಂದರೆ ಜೆವಿಸಿಯ ಎಚ್‌ಎಂ-ಡಿಎಚ್30000ಯು, ಡಿಎಚ್40000ಯು ಅಥವಾ ಡಿಟಿ100ಯು. ಮೂರಕ್ಕೂ ಒಳಗೇ ಡಿಕೋಡರ್ ಇದೆ, ಎಚ್‌ಡಿಎಂಐ ಇರುವುದು ಡಿಟಿ100ಯುನಲ್ಲಿ. ನಮ್ಮ ಒಲವು ಡಿಟಿ100ಯು ಕಡೆಗೆ, ಏಕೆಂದರೆ ಕಾಂಪೊನೆಂಟ್ ಕಿಂಡಿ ಹೊಸ ಟಿವಿಗಳಿಂದ ಮರೆಯಾಗುತ್ತಿದೆ. ಹಳೆಯ ಡಿಎಚ್30000ಯುಗೆ ಬೇರೊಂದು ಬೆಲೆ ಇದೆ: ಸಾಮಾನ್ಯ ವಿಎಚ್‌ಎಸ್, ಎಸ್-ವಿಎಚ್‌ಎಸ್ ಟೇಪುಗಳನ್ನೂ ಓಡಿಸುತ್ತದೆ, ಆಗ ಚಿತ್ರದ ಅಂಚಿನ ನಡುಕವನ್ನು ನೇರಮಾಡುವ ಟೈಮ್ ಬೇಸ್ ಕರೆಕ್ಟರ್ ಅದರಲ್ಲೇ ಇದೆ. ಮನೆಯಲ್ಲಿ ಎರಡೂ ಬಗೆಯ ಟೇಪಿದ್ದರೆ ಒಂದೇ ಮೆಷಿನ್ ಸಾಕು.

2002ರಿಂದ ಕೆಲವು ವರ್ಷ ಡಿ-ಥಿಯೇಟರ್ ಹೆಸರಿನಲ್ಲಿ ಸಿನಿಮಾ ತುಂಬಿದ ಡಿ-ವಿಎಚ್‌ಎಸ್ ಟೇಪುಗಳು ಬಂದವು. ಅವು ಬೀಗ ಹಾಕಿದ ಟೇಪು. ಮುಂಭಾಗದಲ್ಲಿ ಡಿ-ಥಿಯೇಟರ್ ಗುರುತಿರುವ ಡೆಕ್‌ನಲ್ಲಿ ಮಾತ್ರ ಓಡುತ್ತವೆ, ಫೈರ್‌ವೈರ್‌ನಿಂದ ಹೊರಗೆ ಬರುವುದಿಲ್ಲ.

ಎಸ್-ವಿಎಚ್‌ಎಸ್ ಕ್ಯಾಸೆಟ್‌ಗೆ ಗುರುತಿನ ತೂತು ಕೊರೆದು ಡಿ-ವಿಎಚ್‌ಎಸ್ ಆಗಿ ಬಳಸುವ ರೂಢಿ ಇತ್ತು. ಮಾಡಬೇಡಿ. ಕೊರೆದಾಗ ಉದುರುವ ಪ್ಲಾಸ್ಟಿಕ್ ಪುಡಿ ಟೇಪಿನ ಜೊತೆ ಸುತ್ತಿಕೊಂಡು ಡ್ರಮ್‌ವರೆಗೂ ಹೋಗುತ್ತದೆ.

ಎಚ್‌ಡಿ ಒಳಗೆ ಹೋಗುವ ದಾರಿ ಕಿರಿದು

ರೆಕಾರ್ಡರ್ ಎಂಬ ಹೆಸರು ನೋಡಿ, ಯಾವ ಪೆಟ್ಟಿಗೆಯ ಎಚ್‌ಡಿ ಚಿತ್ರವನ್ನಾದರೂ ಇದರಲ್ಲಿ ತುಂಬಿಸಬಹುದು ಎಂದುಕೊಳ್ಳುವುದು ಸಹಜ. ಆಗುವುದಿಲ್ಲ. ಈ ಡೆಕ್‌ಗಳಲ್ಲಿ ಎಚ್‌ಡಿಎಂಐ ಇದ್ದರೂ ಅದು ಹೊರಗೆ ಕೊಡುವ ದಾರಿ. ಎಚ್‌ಡಿವಿ ಟೇಪಿಗೆ ಎಚ್‌ಡಿ ಹೋಗುವುದು ಆ ಕ್ಯಾಮೆರಾದ ಲೆನ್ಸ್‌ನಿಂದ ಅಥವಾ ಫೈರ್‌ವೈರ್‌ನಿಂದ. ಡಿ-ವಿಎಚ್‌ಎಸ್‌ಗೂ ಫೈರ್‌ವೈರೇ, ಡಿಟಿ100ಯುನಲ್ಲಿ ಅದರ ಟ್ಯೂನರ್ ಕೂಡ. ಇವೆರಡರ ಅನಲಾಗ್ ಕಿಂಡಿಗೆ ಕೊಟ್ಟದ್ದು ಸಾಮಾನ್ಯ ಗುಣಮಟ್ಟದಲ್ಲೇ ಟೇಪಿಗೆ ಬೀಳುತ್ತದೆ. ನಕಲು ತಡೆಯ ಗುರುತಿರುವ ಪ್ರಸಾರವಾದರೆ ಫೈರ್‌ವೈರ್ ಕೂಡ ಬಾಗಿಲು ಮುಚ್ಚುತ್ತದೆ. ಹೊಸದಾಗಿ ರೆಕಾರ್ಡ್ ಮಾಡುವ ಆಸೆಗೆ ಈ ಮೆಷಿನ್ ಕೊಳ್ಳಬೇಡಿ, ಇರುವ ಟೇಪನ್ನು ಉಳಿಸಿಕೊಳ್ಳಲು ಕೊಳ್ಳಿ.

ಕೊಳ್ಳುವ ಮುನ್ನ ಅರ್ಧ ಗಂಟೆ

ಎರಡು ಕ್ಯಾಸೆಟ್ ಒಯ್ಯಿರಿ. ಒಂದು ಖಾಲಿ, ಇನ್ನೊಂದು ಬೇರೆ ಮೆಷಿನ್‌ನಲ್ಲಿ ರೆಕಾರ್ಡ್ ಆದದ್ದು, ಕಳೆದುಹೋದರೂ ನಷ್ಟವಿಲ್ಲದ್ದು. ನಿಮ್ಮ ಅಮೂಲ್ಯ ಟೇಪನ್ನು ಪರೀಕ್ಷೆಗೆ ಬಳಸಲೇಬೇಡಿ.

ಕ್ಯಾಸೆಟ್ ಹಾಕಿ ಕಿವಿಗೊಡಿ. ತೊಟ್ಟಿಲು ಇಳಿದು ಕೂತ ಸದ್ದು, ಮೋಟರಿನ ಸಣ್ಣ ಗುಂಯ್, ಡ್ರಮ್ ವೇಗ ಹಿಡಿಯುವ ಏರುದನಿ, ಆಮೇಲೆ ಒಂದೇ ಸಮನೆ ನಿಂತ ಮೆಲುದನಿ. ಈ ಕ್ರಮ ಒಂದೇ ಉಸಿರಿನಲ್ಲಿ ಮುಗಿಯಬೇಕು. ನಡುವೆ ಟಕ್-ಟಕ್ ಎಂದು ತಡವರಿಸಿ ಕ್ಯಾಸೆಟ್ ಹೊರದೂಡಿದರೆ ಗಿಯರ್‌ನ ಹಲ್ಲು ಮುರಿದಿರಬಹುದು, ಅಥವಾ ಯಂತ್ರ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಸ್ವಿಚ್ ಕೊಳೆಯಾಗಿರಬಹುದು. ಎರಡನೆಯದು ರಿಪೇರಿಯಾಗುತ್ತದೆ, ಮೊದಲನೆಯದಕ್ಕೆ ಅದೇ ಮಾಡೆಲ್‌ನ ಇನ್ನೊಂದು ಕೆಟ್ಟ ಮೆಷಿನ್ ಬಲಿಯಾಗಬೇಕು.

ಹತ್ತು ನಿಮಿಷ ಓಡಿಸಿ, ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ, ಐದು ಸಲ ಹಾಕಿ ತೆಗೆಯಿರಿ. ಪ್ರತಿ ಸಲವೂ ಕ್ಯಾಸೆಟ್‌ನ ಮುಚ್ಚಳ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು ಟೇಪಿನ ಎರಡೂ ಅಂಚು ನೋಡಿ. ಕನ್ನಡಿಯಂತೆ ಸಪಾಟಾಗಿದ್ದರೆ ಸರಿ. ಅಂಚು ಸೀರೆಯ ನೆರಿಗೆಯಂತೆ ಮಡಿದಿದ್ದರೆ ರಬ್ಬರ್ ಉರುಳೆ ಗಟ್ಟಿಯಾಗಿ ಹೊಳಪೇರಿದೆ, ಇಲ್ಲವೇ ದಾರಿಯ ಕಂಬ ವಾಲಿದೆ. ಆ ಮೆಷಿನ್ ನಿಮ್ಮ ಟೇಪನ್ನು ಹಾಳುಮಾಡುತ್ತದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಮುಂದಿನದು ಅದಲುಬದಲು ಪರೀಕ್ಷೆ. ತಾನು ರೆಕಾರ್ಡ್ ಮಾಡಿದ್ದನ್ನು ಚೆನ್ನಾಗಿ ಓಡಿಸಿ, ಬೇರೆ ಮೆಷಿನ್‌ನ ಟೇಪಿನಲ್ಲಿ ತಡವರಿಸುವ ಮೆಷಿನ್ ಅಡ್ಡದಾರಿ ಹಿಡಿದಿದೆ ಎಂದರ್ಥ. ಕಂಬಗಳ ಎತ್ತರ ಸರಿಯಿಲ್ಲ, ತಪ್ಪು ಓರೆಯಲ್ಲಿ ಬರೆದು ಅದೇ ಓರೆಯಲ್ಲಿ ಓದುತ್ತಿದೆ. ಎಚ್‌ಡಿವಿಯಲ್ಲಿ ಹೆಡ್ ಟೇಪಿನ ಮೇಲೆ ಬರೆಯುವ ಒಂದು ಪಟ್ಟೆಯ ಅಗಲ ಬರೀ 10 ಮೈಕ್ರೋಮೀಟರ್, ಒಂದು ಮಿಲಿಮೀಟರ್‌ನ ನೂರನೇ ಒಂದು ಪಾಲು. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹೆಡ್ ಪಕ್ಕದ ಪಟ್ಟೆಗಳ ಮೇಲೆ ಓಡುತ್ತದೆ.

ಹೆಡ್‌ನ ಸ್ಥಿತಿ ತಿಳಿಯಲು ಎಚ್‌ಡಿವಿ ಟೇಪಿಗಿಂತ ಹಳೆಯ ಡಿವಿ ಟೇಪೇ ಒಳ್ಳೆಯ ಮಾಪಕ. ಡಿವಿಯಲ್ಲಿ ಪ್ರತಿ ಚಿತ್ರವೂ ಸ್ವತಂತ್ರ, ಹತ್ತು ಅಥವಾ ಹನ್ನೆರಡು ಪಟ್ಟೆಗಳಲ್ಲಿ ಹರಡಿರುತ್ತದೆ. ಎರಡು ಹೆಡ್‌ಗಳಲ್ಲಿ ಒಂದಕ್ಕೆ ಕೊಳೆ ಕಟ್ಟಿಕೊಂಡಿದ್ದರೆ ಚಿತ್ರದಲ್ಲಿ ಒಂದು ಅಡ್ಡಪಟ್ಟಿ ಸರಿ, ಮುಂದಿನದು ಚೌಕಚೌಕ, ಮತ್ತೆ ಸರಿ, ಹೀಗೆ ಬರುತ್ತದೆ. ನೋಡಿದ ಕೂಡಲೇ ರೋಗ ತಿಳಿಯುತ್ತದೆ. ಎಚ್‌ಡಿವಿಯಲ್ಲಿ ಹಾಗಲ್ಲ. 1080ಐಯಲ್ಲಿ 60ರ ಪದ್ಧತಿಯಲ್ಲಿ 15 ಚಿತ್ರ, 50ರಲ್ಲಿ 12 ಚಿತ್ರ ಒಂದು ಗುಂಪಾಗಿ ಒಂದನ್ನೊಂದು ಆತುಕೊಂಡಿರುತ್ತವೆ. ಚೂರು ದತ್ತಾಂಶ ಹೋದರೂ ಸುಮಾರು ಅರ್ಧ ಸೆಕೆಂಡ್ ಚಿತ್ರ ನಿಂತುಬಿಡುತ್ತದೆ, ಶಬ್ದ ಮುಗ್ಗರಿಸುತ್ತದೆ. ತಪ್ಪು ಟೇಪಿನದೋ ಹೆಡ್‌ನದೋ ಹೇಳಲಾಗದು. ಒಂದು ಹೊಳಹು: ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ಟೇಪಿನ ದೋಷ, ಬೇರೆ ಬೇರೆ ಜಾಗದಲ್ಲಿ ನಿಂತರೆ ಮೆಷಿನ್‌ನದು.

ಹೆಡ್ ಕೊಳೆ

ಕಟ್ಟಿಕೊಂಡ ಹೆಡ್ ಎಂದರೆ ಸತ್ತ ಹೆಡ್ ಅಲ್ಲ. ಒಣ ಬಗೆಯ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಓಡಿಸಿ, ನಿಲ್ಲಿಸಿ, ಒಳ್ಳೆಯ ಟೇಪು ಹಾಕಿ ನೋಡಿ. ಸರಿಹೋಗದಿದ್ದರೆ ಇನ್ನೂ ಎರಡು ಸಲ, ಅದಕ್ಕಿಂತ ಹೆಚ್ಚು ಬೇಡ. ಆ ಟೇಪು ಮರಳುಕಾಗದದ ತಮ್ಮನಿದ್ದಂತೆ, ತೆಗೆಯುವುದು ಕೊಳೆಯನ್ನಷ್ಟೇ ಅಲ್ಲ. ಹಿಂದಕ್ಕೆ ಸುತ್ತಿ ಮತ್ತೆ ಅದೇ ಭಾಗ ಬಳಸಬೇಡಿ. ಉಜ್ಜಿದ ಕೊಳೆ ಅದರ ಮೇಲೇ ಇರುತ್ತದೆ.

ಅದಕ್ಕೂ ಬಗ್ಗದಿದ್ದರೆ ಕೈಯಿಂದ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಮೆತ್ತನೆಯ ಚರ್ಮದ ಸ್ವಾಬ್. ಪ್ಲಗ್ ಕಿತ್ತು, ಸ್ವಾಬ್ ಒದ್ದೆಮಾಡಿ ಡ್ರಮ್‌ನ ಬದಿಗೆ ಒತ್ತದೆ ತಾಗಿಸಿ ಹಿಡಿಯಿರಿ. ಕೈ ಆಡಬಾರದು, ಇನ್ನೊಂದು ಕೈಯಿಂದ ಡ್ರಮ್‌ನ ಮೇಲ್ಭಾಗವನ್ನು ನಿಧಾನ ತಿರುಗಿಸಿ. ಸ್ವಾಬನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್‌ನ ತುದಿ ಮುರಿಯುತ್ತದೆ, ಅಲ್ಲಿಗೆ ಮೆಷಿನ್ ಮುಗಿಯಿತು. ಹತ್ತಿಯ ಕಿವಿಕಡ್ಡಿ ಬೇಡ, ಎಳೆ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಉರುಳೆಗೆ ಆಲ್ಕೋಹಾಲ್ ತಾಗಿಸಬೇಡಿ, ಅದು ರಬ್ಬರನ್ನು ಒಣಗಿಸುತ್ತದೆ. ರಬ್ಬರ್ ಕ್ಲೀನರ್ ಅಥವಾ ಹಿಂಡಿದ ಒದ್ದೆಬಟ್ಟೆ ಸಾಕು. ಹದಿನೈದು ನಿಮಿಷ ಒಣಗಲು ಬಿಟ್ಟ ಮೇಲೆಯೇ ಟೇಪು.

ಬಿಳಿ ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯ ಮೆಷಿನ್‌ಗೆ ಹಾಕಲೇಬಾರದು. ಒಂದು ಕ್ಯಾಸೆಟ್‌ನ ಬೂಸ್ಟು ಮುಂದಿನ ಹತ್ತಕ್ಕೆ ಅಂಟುತ್ತದೆ.

ಕೇಬಲ್, ಕಂಪ್ಯೂಟರ್, ಸೆಟ್ಟಿಂಗ್

ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದರಲ್ಲಿ ನಾಲ್ಕು ಪಿನ್ನಿನ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಎಲ್ಲೆಲ್ಲೂ ಮಾರಾಟಕ್ಕಿದೆ. ಒಳಗೆ ಬರೀ ತಂತಿ. ಎರಡು ಭಾಷೆಗಳ ನಡುವೆ ಅನುವಾದ ಮಾಡುವ ಚಿಪ್ ಇಲ್ಲ. ಅದರಿಂದ ವಿಡಿಯೋ ಬರುವುದಿಲ್ಲ, ದುಡ್ಡು ಹಾಳು. ಕ್ಯಾಮ್‌ಕಾರ್ಡರ್‌ನ ಯುಎಸ್‌ಬಿ ಕಿಂಡಿ ಮೆಮೊರಿ ಕಾರ್ಡಿನ ಫೋಟೋಗಳಿಗೆ, ಟೇಪಿನ ಎಚ್‌ಡಿಗಲ್ಲ. ಬೇಕಾದದ್ದು ಡೆಸ್ಕ್‌ಟಾಪ್‌ಗೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನು ನೋಡಿ ಕೊಳ್ಳಿ. ವಿಂಡೋಸ್ 10ರಲ್ಲಿ ಕ್ಯಾಮೆರಾ ಕಾಣಿಸದಿದ್ದರೆ ಡ್ರೈವರನ್ನು ‘1394 ಒಎಚ್‌ಸಿಐ ಲೆಗಸಿ’ಗೆ ಬದಲಾಯಿಸಿ. ಮ್ಯಾಕ್‌ನಲ್ಲಿ ಆವೃತ್ತಿ 26ರಿಂದ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿದ್ದಾರೆ, ಹಳೆಯ ಆವೃತ್ತಿಯ ಮ್ಯಾಕ್ ಒಂದನ್ನು ಇದಕ್ಕೆಂದೇ ಉಳಿಸಿಕೊಳ್ಳುವುದು ಜಾಣತನ. ಫೈರ್‌ವೈರ್‌ಗೆ ದಾರಿಯೇ ಇಲ್ಲದಾಗ ಎಚ್‌ಡಿಎಂಐ ಕ್ಯಾಪ್ಚರ್ ಪೆಟ್ಟಿಗೆ ಕೈಹಿಡಿಯುತ್ತದೆ. ಆಗ ಸಿಗುವುದು ಮೂಲ ದತ್ತಾಂಶವಲ್ಲ, ಬಿಡಿಸಿ ಮತ್ತೆ ಕಟ್ಟಿದ ಚಿತ್ರ, ತೆಗೆದ ದಿನಾಂಕವೂ ಕಳೆದುಹೋಗುತ್ತದೆ. ಟೇಪು ಕೊಳೆಯಲು ಬಿಡುವುದಕ್ಕಿಂತ ಎಷ್ಟೋ ಮೇಲು.

ಕೇಬಲ್ ಚುಚ್ಚುವಾಗ ಎರಡೂ ಕಡೆ ಆಫ್ ಇರಲಿ. ಆರು ಪಿನ್ನಿನ ತುದಿಯಲ್ಲಿ ಕರೆಂಟ್ ಹರಿಯುತ್ತದೆ, ತಿರುಗುಮುರುಗಾಗಿ ತಳ್ಳಿದರೆ ಕ್ಯಾಮ್‌ಕಾರ್ಡರ್‌ನ ಕಿಂಡಿ ಸುಡುತ್ತದೆ. ಚುಚ್ಚುವ ಮೊದಲೇ ಸೋನಿಯ ಮೆನುವಿನಲ್ಲಿ ಐ.ಲಿಂಕ್ (ಫೈರ್‌ವೈರ್‌ಗೆ ಸೋನಿ ಇಟ್ಟ ಹೆಸರು) ಕನ್ವರ್ಷನ್ ಆಫ್ ಮಾಡಿ. ಅದು ಆನ್ ಇದ್ದರೆ ಎಚ್‌ಡಿವಿ ಟೇಪು ಕೂಡ ಸಾಮಾನ್ಯ ಡಿವಿಯಾಗಿ ಇಳಿದುಬರುತ್ತದೆ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಎಂದು ಜೋಪಾನ ಮಾಡಿರುವ ಫೈಲುಗಳು ಹೀಗೆ ಕುಗ್ಗಿದವು. ಇಳಿದ ಫೈಲಿನ ಗುಣ ನೋಡಿ: 1440×1080 ಇರಬೇಕು, ಒಂದು ಗಂಟೆಗೆ ಸುಮಾರು 11-12 ಗಿಗಾಬೈಟ್ ಆಗಬೇಕು, 720 ಚುಕ್ಕೆಯ ಅಗಲ ಕಂಡರೆ ಸೆಟ್ಟಿಂಗ್ ತಪ್ಪಿದೆ. ವಿಂಡೋಸ್‌ಗೆ ಎಚ್‌ಡಿವಿ ಸ್ಪ್ಲಿಟ್ ಎಂಬ ಉಚಿತ ತಂತ್ರಾಂಶ ಒಂದೊಂದು ದೃಶ್ಯವನ್ನೂ ಬೇರೆ ಫೈಲಾಗಿ ಇಳಿಸುತ್ತದೆ.

ಇಳಿಸುವ ಮೊದಲು ಕ್ಯಾಸೆಟ್‌ನ ಹಿಂಬದಿಯ ಪುಟ್ಟ ಜಾರುಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಬಹುಕಾಲ ಮಲಗಿದ್ದ ಟೇಪನ್ನು ಒಮ್ಮೆ ಕೊನೆವರೆಗೂ ಸುತ್ತಿಸಿ ಹಿಂದಕ್ಕೆ ತನ್ನಿ, ಬಿಗಿತ ಒಂದೇ ಸಮನಾಗುತ್ತದೆ. ಚಳಿಯ ಕೋಣೆಯಿಂದ ತಂದ ಮೆಷಿನ್ ಆದರೆ ಒಂದು ಗಂಟೆ ಬಿಡಿ. ಡ್ರಮ್ ಮೇಲೆ ಹನಿ ಕಟ್ಟಿದ್ದರೆ ಟೇಪು ಅಂಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನು ಒಳಗೆ ಬಿಡದೆ, ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬದಲ್ಲಿ ಪುಸ್ತಕದಂತೆ ನಿಲ್ಲಿಸಿ ಇಡಿ. ಮೆಷಿನ್ನನ್ನು ಎರಡು-ಮೂರು ತಿಂಗಳಿಗೊಮ್ಮೆ ಬೇಡದ ಟೇಪು ಹಾಕಿ ಹತ್ತು ನಿಮಿಷ ಓಡಿಸಿ. ನಿಂತೇ ಇದ್ದರೆ ಗಿಯರ್‌ನ ಗ್ರೀಸು ಅಂಟಾಗುತ್ತದೆ, ರಬ್ಬರ್ ಉರುಳೆ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ.